ಚಳಿಯಲ್ಲಿ ಪುಟ್ಟ ಹೈಡ್ರಾಲಿಕ್ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲು: ದೊಡ್ಡ ಬ್ಯಾಟರಿಯೋ, ಹೀಟರೋ, ತೆಳು ಆಯಿಲೋ?

ಬೇಸಿಗೆಯಲ್ಲಿ ಕೀಲಿ ತಿರುಗಿಸಿದ ಕೂಡಲೇ ಎದ್ದೇಳುವ ಟ್ರ್ಯಾಕ್ಟರ್, ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದ ಬೆಳಿಗ್ಗೆ ಮುಲುಗಲು ಶುರು ಮಾಡುತ್ತದೆ. ಸೆಲ್ಫ್ ತಿರುಗುತ್ತದೆ, ಆದರೆ ಎಳೆದೂ ಎಳೆದೂ ತಿರುಗುತ್ತದೆ. ಆಮೇಲೆ ಅದೂ ನಿಲ್ಲುತ್ತದೆ. ಆಗ ಹೆಚ್ಚಿನವರು ನೇರವಾಗಿ ದೊಡ್ಡ ಬ್ಯಾಟರಿ ತರಲು ಹೊರಡುತ್ತಾರೆ. ಕೆಲವೊಮ್ಮೆ ಅದು ಕೆಲಸ ಮಾಡುತ್ತದೆ. ಎಷ್ಟೋ ಸಲ ಮುಂದಿನ ದೊಡ್ಡ ಚಳಿಗೆ ಮತ್ತೆ ಅದೇ ಕತೆ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ: ಹೈಡ್ರಾಲಿಕ್ ಟ್ರ್ಯಾಕ್ಟರಿನಲ್ಲಿ ಮೊದಲು ಹೊರೆ ಇಳಿಸಿ, ಆಮೇಲೆ ಬೇಕಾದರೆ ಶಕ್ತಿ ಏರಿಸಿ. ಯಾಕೆ ಹೀಗೆ, ಯಾವ ದಾರಿ ಯಾವ ಗಾಡಿಗೆ ಹೊಂದುತ್ತದೆ ಅಂತ ನೋಡೋಣ.

ಹೊರೆ ಎಲ್ಲಿಂದ ಬರುತ್ತದೆ

ಕಾರಿನಲ್ಲಿ ಸೆಲ್ಫ್ ಮೋಟಾರಿಗೆ ಎಂಜಿನ್ ಒಂದನ್ನು ತಿರುಗಿಸಿದರೆ ಸಾಕು. ಪುಟ್ಟ ಹೈಡ್ರಾಲಿಕ್ ಟ್ರ್ಯಾಕ್ಟರಿನಲ್ಲಿ ಹಾಗಲ್ಲ. ಎಂಜಿನ್ನಿನ ಜೊತೆಗೆ ಒಂದೋ ಎರಡೋ ಮೂರೋ ಪಂಪುಗಳೂ ತಿರುಗಬೇಕು. ಎಷ್ಟು ಪಂಪು ಅನ್ನುವುದು ಗಾಡಿಯ ಜಾತಿಯ ಮೇಲೆ ನಿಂತಿದೆ.

ಗೇರ್ ಇರುವ ಸಾದಾ ಟ್ರ್ಯಾಕ್ಟರಿನಲ್ಲಿ ಕ್ಲಚ್ ತುಳಿದರೆ ಗೇರ್‌ಬಾಕ್ಸ್ ಪೂರ್ತಿ ಬೇರೆಯಾಗುತ್ತದೆ. ಉಳಿಯುವುದು ಲೋಡರ್ ಮತ್ತು ಲಿಫ್ಟಿಗೆ ಆಯಿಲ್ ಕೊಡುವ ಗೇರ್ ಪಂಪ್ ಮಾತ್ರ. ಇದು ಸಾಮಾನ್ಯವಾಗಿ ಎಂಜಿನ್ನಿನ ಗೇರಿಗೇ ಕೂತಿರುತ್ತದೆ, ಕ್ಲಚ್ ತುಳಿದರೂ ತಿರುಗುತ್ತಲೇ ಇರುತ್ತದೆ. ಎರಡನೆಯ ಜಾತಿ ಹೈಡ್ರೋಸ್ಟಾಟಿಕ್ ಟ್ರ್ಯಾಕ್ಟರ್. ಇದರಲ್ಲಿ ಚಕ್ರ ಓಡಿಸುವುದೇ ಒಂದು ಪಿಸ್ಟನ್ ಪಂಪ್. ಕೆಲವಕ್ಕೆ ನಡುವೆ ಕ್ಲಚ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಮೂರನೆಯದು ಪೂರ್ತಿ ಹೈಡ್ರಾಲಿಕ್ ಗಾಡಿ. ನಡುವಿನ ಕೀಲಿನಲ್ಲಿ ಬಾಗಿ ತಿರುಗುವ ಪುಟ್ಟ ಲೋಡರ್ ಮಾದರಿಗಳಲ್ಲಿ ಹೆಚ್ಚಿನವು ಈ ಗುಂಪಿನವು. ಓಟಕ್ಕೆ ಒಂದು ಪಂಪ್, ಮುಂದಿನ ಉಪಕರಣಕ್ಕೆ ಒಂದು, ಸ್ಟಿಯರಿಂಗ್ ಮತ್ತು ಲಿಫ್ಟಿಗೆ ಇನ್ನೊಂದು. ಎಲ್ಲವೂ ಎಂಜಿನ್ ಶಾಫ್ಟಿಗೆ ನೇರವಾಗಿ ಜೋಡಿಸಿದವು. ಬೇರೆ ಮಾಡಲು ಕ್ಲಚ್ಚೇ ಇಲ್ಲ.

ಮೂರನೆಯ ಜಾತಿಯ ಗಾಡಿ ಇರುವವರ ಗೋಳು ಇಲ್ಲೇ ಇರುವುದು. ಚಳಿಯಲ್ಲಿ ಆಯಿಲ್ ದಪ್ಪವಾಗುತ್ತದೆ. ಆ ಪಂಪುಗಳೊಳಗಿನ ಪ್ರತಿ ಪಿಸ್ಟನ್, ಪ್ರತಿ ಗೇರ್ ಹಲ್ಲು, ದಪ್ಪ ಆಯಿಲಿನಲ್ಲಿ ಕೆಸರಲ್ಲಿ ಕಾಲು ಕೀಳುವ ಹಾಗೆ ಒದ್ದಾಡುತ್ತದೆ. ಅಷ್ಟನ್ನೂ ಎಳೆಯುವುದು ಅದೇ ಒಂದು ಸೆಲ್ಫ್.

ಆದರೆ ದಪ್ಪ ಆಯಿಲಿನ ಎಳೆತ ಒಂದು, ಒತ್ತಡದ ಹೊರೆ ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಒತ್ತಡದ ಹೊರೆಗೆ ಸುಲಭದ ಲೆಕ್ಕ ಇದೆ. ಒಂದು ಸುತ್ತಿಗೆ 20 ಸಿಸಿ ಆಯಿಲ್ ತಳ್ಳುವ ಪಂಪ್ ತಗೊಳ್ಳಿ. ಅದರ ಮುಂದೆ 10 ಬಾರ್ ಒತ್ತಡ ಇದ್ದರೆ ಶಾಫ್ಟಿಗೆ ಬೇಕಾಗುವ ಟಾರ್ಕ್ ಸುಮಾರು 3.2 ನ್ಯೂಟನ್ ಮೀಟರ್. ಇದು ಏನೂ ಅಲ್ಲ. ಈಗ ಅದೇ ಪಂಪಿನ ದಾರಿ ಮುಚ್ಚಿಕೊಂಡು ಆಯಿಲ್, ಒತ್ತಡ ಮಿತಿಮೀರಿದಾಗ ತೆರೆಯುವ 170 ಬಾರಿನ ರಿಲೀಫ್ ವಾಲ್ವ್ ಎತ್ತಿಕೊಂಡೇ ಹೋಗಬೇಕು ಅಂತಾದರೆ? ಟಾರ್ಕ್ 54 ನ್ಯೂಟನ್ ಮೀಟರ್ ಮುಟ್ಟುತ್ತದೆ. ಪುಟ್ಟ ಎಂಜಿನ್ನಿನ ಸೆಲ್ಫಿಗೆ ಇದು ದೊಡ್ಡ ಮಾತು. ಚಳಿಯೇ ಇಲ್ಲದಿದ್ದರೂ ಅದು ಅಲ್ಲೇ ನಿಂತುಬಿಡಬಹುದು.

ಹೀಗಾಗುವುದು ಅಪರೂಪ ಅಂದುಕೊಳ್ಳಬೇಡಿ. ಉಪಕರಣಕ್ಕೆ ಸತತವಾಗಿ ಆಯಿಲ್ ಕೊಡಲು ಲಿವರನ್ನು ಒಂದು ಕಡೆ ಲಾಕ್ ಮಾಡುವ ಸೌಲಭ್ಯ ಬಹಳ ಗಾಡಿಗಳಲ್ಲಿದೆ. ಸಂಜೆ ಉಪಕರಣ ಬಿಚ್ಚಿ, ಲಿವರನ್ನು ಲಾಕಿನಲ್ಲೇ ಬಿಟ್ಟರೆ, ಹೋಸ್ ಕಪ್ಲರ್ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಪಂಪಿಗೆ ಎದುರು ಗೋಡೆ. ಬಯ್ಯಿಸಿಕೊಳ್ಳುವುದು ಮಾತ್ರ ಬ್ಯಾಟರಿ.

ಮೊದಲು ರೋಗ ಯಾವುದು ಅಂತ ತಿಳಿಯಿರಿ

ಎಂಜಿನ್ ಚುರುಕಾಗಿ ತಿರುಗುತ್ತಿದ್ದರೂ ಹತ್ತಿಕೊಳ್ಳುವುದಿಲ್ಲ ಅಂದರೆ ಅದು ಹೊರೆಯ ಪ್ರಶ್ನೆಯಲ್ಲ. ಹೀಟರ್ ಪ್ಲಗ್ (ಸಿಲಿಂಡರಿನೊಳಗೆ ಕಾದು ಡೀಸೆಲ್ ಹತ್ತಿಸಲು ನೆರವಾಗುವ ಗ್ಲೋ ಪ್ಲಗ್) ಸುಟ್ಟಿರಬಹುದು, ಡೀಸೆಲ್ ಮೇಣ ಕಟ್ಟಿರಬಹುದು. ಹತ್ತಿಕೊಂಡು ಒಂದು ನಿಮಿಷದಲ್ಲಿ ಆರಿಹೋದರೆ ಡೀಸೆಲ್ ಫಿಲ್ಟರ್ ನೋಡಿ. ಎಂಜಿನ್ ನಿಧಾನವಾಗಿ ತಿರುಗಿದರೆ ಮಾತ್ರ ಮುಂದೆ ಹೇಳುವುದೆಲ್ಲ ಲೆಕ್ಕಕ್ಕೆ ಬರುತ್ತದೆ.

ನಿಧಾನ ತಿರುಗುವುದಕ್ಕೂ ಎರಡು ಕಾರಣ: ಕೊಡುವವನಿಗೆ ಬಲ ಇಲ್ಲ, ಅಥವಾ ಎಳೆಯುವ ಹೊರೆ ಜಾಸ್ತಿ. ಬೇರೆ ಮಾಡಲು ಮಲ್ಟಿಮೀಟರ್ ಸಾಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಸೀಸದ ಕಂಬಗಳ ಮೇಲೇ ಮುಳ್ಳಿಟ್ಟು ನೋಡಿ, ಕ್ಲ್ಯಾಂಪಿನ ಮೇಲೆ ಬೇಡ. ಸಾಮಾನ್ಯ ಹವೆಯಲ್ಲಿ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು ಅನ್ನುವುದು ರೂಢಿಯ ಅಳತೆ. ಕಡು ಚಳಿಯಲ್ಲಿ ಸ್ವಲ್ಪ ಕೆಳಗೆ ಹೋದರೂ ಗಾಬರಿಯಿಲ್ಲ. ವೋಲ್ಟ್ ಚೆನ್ನಾಗಿ ನಿಂತಿದೆ, ಆದರೂ ಎಂಜಿನ್ ನಿಧಾನ ಅಂದರೆ ತಪ್ಪು ಬ್ಯಾಟರಿಯದಲ್ಲ. ಕೇಬಲ್ಲೋ, ಸೆಲ್ಫೋ, ಹೊರೆಯೋ ಅಂತ ಹುಡುಕಬೇಕು.

ಕೇಬಲ್ ಪರೀಕ್ಷೆ ಹೀಗೆ. ಒಂದು ಮುಳ್ಳು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ಮೈಗೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗೆ ಹತ್ತಿರ ತೋರಿಸಿದರೆ ಅರ್ತ್ ದಾರಿಯಲ್ಲೇ ಶಕ್ತಿ ಸೋರುತ್ತಿದೆ. ಪ್ಲಸ್ ಕಡೆಯೂ ಹೀಗೇ ನೋಡಿ. ತುಕ್ಕು ಹಿಡಿದ ಅರ್ತ್ ಬೋಲ್ಟ್ ಉಜ್ಜಿ ಬಿಗಿಮಾಡಿದ್ದಕ್ಕೇ ಚಳಿಗಾಲ ದಾಟಿದ ಗಾಡಿಗಳಿವೆ.

ಕ್ಲಚ್ ಇರುವ ಹೈಡ್ರೋಸ್ಟಾಟಿಕ್ ಗಾಡಿಯಾದರೆ ಇನ್ನೊಂದು ಪರೀಕ್ಷೆ ಪುಕ್ಕಟೆ. ಡೀಸೆಲ್ ನಿಲ್ಲಿಸಿ, ಕ್ಲಚ್ ಬಿಟ್ಟು ಒಮ್ಮೆ, ತುಳಿದು ಒಮ್ಮೆ ಸೆಲ್ಫ್ ಹೊಡೆಯಿರಿ. ಕ್ಲಚ್ ತುಳಿದರೇ ಸೆಲ್ಫ್ ಕೆಲಸ ಮಾಡುವ ಹಾಗೆ ಸುರಕ್ಷತೆಯ ಸ್ವಿಚ್ ಇದ್ದರೆ ಅದನ್ನು ತಪ್ಪಿಸಲು ಹೋಗಬೇಡಿ, ಈ ಪರೀಕ್ಷೆ ಬಿಟ್ಟುಬಿಡಿ. ಎರಡು ಸಲದ ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಕೇಳಿದರೆ ಹೊರೆ ಹೈಡ್ರಾಲಿಕ್ಕಿನದು. ವ್ಯತ್ಯಾಸ ಇಲ್ಲದಿದ್ದರೆ ಎಂಜಿನ್ನಿನದು, ಇಲ್ಲವೇ ಎಂಜಿನ್ನಿಗೇ ಕೂತ ಗೇರ್ ಪಂಪಿನದು. ಡಿ.ಸಿ. ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಕಿವಿಯ ಬದಲು ಆಂಪ್ ನಂಬಬಹುದು. ಎ.ಸಿ. ಮಾತ್ರ ಅಳೆಯುವ ಕ್ಲ್ಯಾಂಪ್ ಇಲ್ಲಿ ಏನೂ ತೋರಿಸುವುದಿಲ್ಲ.

ದುಡ್ಡಿಲ್ಲದ ದಾರಿ: ಹೊರೆ ಇಳಿಸುವುದು

ಲಿವರುಗಳೆಲ್ಲ ನ್ಯೂಟ್ರಲ್. ಉಪಕರಣದ ಪಂಪ್, ಪಿಟಿಒ (ಎಂಜಿನ್ ಬಲವನ್ನು ಉಪಕರಣಕ್ಕೆ ಕೊಡುವ ಶಾಫ್ಟ್) ಬಂದ್. ಬಕೆಟ್ ನೆಲಕ್ಕೆ ಇಳಿದಿರಲಿ. ಕ್ಲಚ್ ಇದ್ದರೆ ತುಳಿಯಿರಿ. ಕ್ಲಚ್ ಇರುವವರಿಗೆ ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ.

ಜನ ಗಮನಿಸದ ಒಂದು ವಿಷಯ ಓಟದ ಪೆಡಲಿನ ನ್ಯೂಟ್ರಲ್. ಕಾಲು ತೆಗೆದರೂ ನಿಮ್ಮ ಗಾಡಿ ಸಮತಟ್ಟಾದ ಜಾಗದಲ್ಲಿ ಮೆಲ್ಲಗೆ ತೆವಳುತ್ತದೆಯೇ? ಹಾಗಿದ್ದರೆ ಪಿಸ್ಟನ್ ಪಂಪಿನ ವಾಲುತಟ್ಟೆ (ವಾಲಿದಷ್ಟೂ ಹೆಚ್ಚು ಆಯಿಲ್ ತಳ್ಳಿಸುವ ತಟ್ಟೆ) ಪೂರ್ತಿ ನೇರ ನಿಂತಿಲ್ಲ. ಪಾರ್ಕಿಂಗ್ ಬ್ರೇಕ್ ಹಾಕಿ ಸ್ಟಾರ್ಟ್ ಮಾಡುವಾಗ ಆ ಪಂಪ್ ಬ್ರೇಕಿನ ವಿರುದ್ಧ ತಳ್ಳುತ್ತಿರುತ್ತದೆ. ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ, ಚಳಿಯಲ್ಲಿ ಆ ಸಣ್ಣ ಹೊರೆಯೂ ಭಾರ. ನ್ಯೂಟ್ರಲ್ ಸರಿಮಾಡಿಸಿಕೊಳ್ಳಿ. ಚಳಿ ಇರಲಿ ಬಿಡಲಿ, ತಾನಾಗಿ ತೆವಳುವ ಗಾಡಿ ಅಪಾಯ ಅಲ್ವಾ?

ಇನ್ನು ಬೈಪಾಸ್ ವಾಲ್ವ್. ಕೆಟ್ಟ ಗಾಡಿಯನ್ನು ಎಳೆದೊಯ್ಯಲು ಇರುವ ಈ ವಾಲ್ವ್ ತೆರೆದರೆ ಸ್ಟಾರ್ಟ್ ಸುಲಭವಾಗುತ್ತದೆ ಅಂತ ಸಲಹೆ ಕೊಡುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಬೈಪಾಸ್ ತೆರೆದರೆ ಓಟದ ಎರಡು ಆಯಿಲ್ ದಾರಿಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ, ಅಷ್ಟೇ. ಪಂಪ್ ತಿರುಗುವುದು ನಿಲ್ಲುವುದಿಲ್ಲ. ನ್ಯೂಟ್ರಲ್ ಸರಿಯಿದ್ದರೆ ಅಲ್ಲಿ ಇಳಿಸಲು ಒತ್ತಡವೂ ಇಲ್ಲ. ಸಿಗುವ ಲಾಭ ಬಹಳ ಕಮ್ಮಿ. ಬದಲಿಗೆ ಇಳಿಜಾರಿನಲ್ಲಿ ಗಾಡಿ ತಾನಾಗಿ ಉರುಳಬಹುದು, ಹೈಡ್ರಾಲಿಕ್ ತಡೆ ಕೈಕೊಡುತ್ತದೆ. ಬಿಡಿ.

ಗೇರ್ ಪಂಪಿಗೆ ವಿದ್ಯುತ್ ಕ್ಲಚ್ ಹಾಕಿಸುವುದು ಅಥವಾ ಆಯಿಲನ್ನು ನೇರ ಟ್ಯಾಂಕಿಗೆ ಬಿಡುವ ಸೊಲೆನಾಯ್ಡ್ ವಾಲ್ವ್ ಕೂರಿಸುವುದು ಕೂಡ ಒಂದು ದಾರಿ. ಕ್ಲಚ್ಚಾದರೆ ನಿಜವಾದ ಲಾಭ ಉಂಟು, ಪಂಪೇ ನಿಲ್ಲುತ್ತದೆ. ಆದರೆ ಜಾಗ, ಬೆಲ್ಟು, ಬ್ರಾಕೆಟ್ಟು ಎಲ್ಲ ಬದಲಾಗಬೇಕು. ಸೊಲೆನಾಯ್ಡ್ ಮಾತ್ರ ಹಾಕಿದರೆ ಒತ್ತಡ ಇಳಿಯುತ್ತದೆ, ದಪ್ಪ ಆಯಿಲಿನ ಎಳೆತ ಹಾಗೇ ಉಳಿಯುತ್ತದೆ. ಲಿವರ್ ನ್ಯೂಟ್ರಲ್ಲಿನಲ್ಲಿ ಇದ್ದಾಗ ಆಯಿಲ್ ಹೇಗೂ ಟ್ಯಾಂಕಿಗೇ ಹೋಗುತ್ತಿರುವ ಗಾಡಿಗೆ ಇದು ದಂಡ.

ಆಯಿಲ್: ನನ್ನ ಮೊದಲ ಆಯ್ಕೆ

ಎರಡು ಆಯಿಲ್ ಇವೆ, ಬೇರೆ ಬೇರೆ ಮಾತಾಡೋಣ.

ಎಂಜಿನ್ ಆಯಿಲ್ ಡಬ್ಬದ ಮೇಲೆ ಡಬ್ಲ್ಯೂ ಅಕ್ಷರಕ್ಕಿಂತ ಮೊದಲು ಬರುವ ಅಂಕಿಗೆ ಖಚಿತ ಅರ್ಥ ಇದೆ. ಎಸ್‌ಎಇ ಜೆ300 ಅನ್ನುವ ಮಾನದಂಡದಲ್ಲಿ ಪ್ರತಿ ದರ್ಜೆಯನ್ನೂ ಒಂದೊಂದು ಚಳಿಯಲ್ಲಿ, ಸೆಲ್ಫ್ ಹೊಡೆಯುವಾಗಿನ ಸ್ಥಿತಿಯನ್ನು ಹೋಲುವ ಯಂತ್ರದಲ್ಲಿ ಪರೀಕ್ಷೆ ಮಾಡುತ್ತಾರೆ. 20ಡಬ್ಲ್ಯೂ ಆಯಿಲಿಗೆ ಮೈನಸ್ 15 ಡಿಗ್ರಿ, 15ಡಬ್ಲ್ಯೂಗೆ ಮೈನಸ್ 20, 10ಡಬ್ಲ್ಯೂಗೆ ಮೈನಸ್ 25, 5ಡಬ್ಲ್ಯೂಗೆ ಮೈನಸ್ 30, 0ಡಬ್ಲ್ಯೂಗೆ ಮೈನಸ್ 35. ಅಂದರೆ ಒಂದು ಮೆಟ್ಟಿಲು ಇಳಿದರೆ ಸುಮಾರು 5 ಡಿಗ್ರಿ ಚಳಿ ಗೆದ್ದ ಹಾಗೆ. 15ಡಬ್ಲ್ಯೂ-40 ಇರುವ ಡೀಸೆಲ್ ಎಂಜಿನ್ನಿಗೆ ಕೈಪಿಡಿ ಒಪ್ಪಿದರೆ 5ಡಬ್ಲ್ಯೂ-40 ಸಿಂಥೆಟಿಕ್ ಹಾಕಿ. ಬಿಸಿಯಾದ ಮೇಲೆ ಎರಡೂ ಒಂದೇ ದರ್ಜೆಯವು, ಕಾವಲಿಗೆ ಕೊರತೆಯಿಲ್ಲ. ಬೆಳಿಗ್ಗೆಯ ಮೊದಲ ಸುತ್ತುಗಳಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಆಯಿಲ್ ಹೇಗೂ ಬದಲಿಸಲೇಬೇಕು. ಹಾಗಾಗಿ ಇದಕ್ಕಿಂತ ಅಗ್ಗದ ಸುಧಾರಣೆ ಸಿಗುವುದು ಕಷ್ಟ.

ಹೈಡ್ರಾಲಿಕ್ ಆಯಿಲಿನ ಕತೆ ಇನ್ನೂ ಜೋರು. ವಿಜಿ 46, ವಿಜಿ 32 ಅಂತ ಬರೆದಿರುವುದು 40 ಡಿಗ್ರಿಯಲ್ಲಿ ಅಳೆದ ದಪ್ಪ, ಸೆಂಟಿಸ್ಟೋಕ್ ಲೆಕ್ಕದಲ್ಲಿ. ಚಳಿಯಲ್ಲಿ ಅದು ಎಷ್ಟಾಗುತ್ತದೆ ಅಂತ ಡಬ್ಬ ಹೇಳುವುದಿಲ್ಲ. ಸಾದಾ ವಿಜಿ 46 ಆಯಿಲ್ ಸೊನ್ನೆ ಡಿಗ್ರಿಯಲ್ಲಿ 550ರಿಂದ 600 ಸೆಂಟಿಸ್ಟೋಕ್ ಆಸುಪಾಸು ಇರುತ್ತದೆ. ಮೈನಸ್ 18ರಲ್ಲಿ 3,500ರ ಹತ್ತಿರ ಹೋಗುತ್ತದೆ. ಸಾದಾ ವಿಜಿ 32 ಆದರೆ ಸೊನ್ನೆಯಲ್ಲಿ 330ರ ಹತ್ತಿರ, ಮೈನಸ್ 18ರಲ್ಲಿ 1,800ರ ಹತ್ತಿರ. ಅದೇ ವಿಜಿ 32, ಆದರೆ ಉಷ್ಣಾಂಶಕ್ಕೆ ಕಮ್ಮಿ ಬದಲಾಗುವ ಎಚ್‌ವಿಎಲ್‌ಪಿ ಜಾತಿಯದಾದರೆ ಸೊನ್ನೆಯಲ್ಲಿ 250, ಮೈನಸ್ 18ರಲ್ಲಿ ಸುಮಾರು 1,000. ಕಂಪನಿಯಿಂದ ಕಂಪನಿಗೆ ಈ ಅಂಕಿ ಹೆಚ್ಚುಕಮ್ಮಿ ಆಗುತ್ತದೆ, ಆದರೆ ಅಂತರ ನೋಡಿ. ಸಾದಾ 46ರಿಂದ ಒಳ್ಳೆಯ 32ಕ್ಕೆ ಬಂದರೆ ಕಡು ಚಳಿಯಲ್ಲಿ ಆಯಿಲ್ ಮೂರನೇ ಒಂದು ಭಾಗದಷ್ಟೇ ದಪ್ಪ. ಯಾವ ಬ್ಯಾಟರಿಯೂ ನಿಮಗೆ ಮೂರು ಪಟ್ಟು ಬಲ ಕೊಡಲಾರದು.

ಪಂಪಿನ ಆರೋಗ್ಯಕ್ಕೂ ಇದೇ ಲೆಕ್ಕ. ಪಿಸ್ಟನ್ ಪಂಪ್ ಮಾಡುವವರು ಚಳಿಯಲ್ಲಿ ಸ್ಟಾರ್ಟ್ ಮಾಡುವ ಅಲ್ಪ ಹೊತ್ತಿಗೆ ಸಾಮಾನ್ಯವಾಗಿ 1,000ದಿಂದ 1,600 ಸೆಂಟಿಸ್ಟೋಕ್ ಮಿತಿ ಹಾಕುತ್ತಾರೆ. ಮೈನಸ್ 18ರಲ್ಲಿ 3,500 ಇರುವ ಆಯಿಲಿನಲ್ಲಿ ಸೆಲ್ಫ್ ಹೇಗೋ ತಿರುಗಿಸಿ ಗೆದ್ದರೂ, ಪಂಪ್ ಸೋಲುತ್ತದೆ.

ಹಾಗಂತ ತೆಳುವಾದಷ್ಟೂ ಒಳ್ಳೆಯದು ಅಂತಲ್ಲ. ಬೇಸಿಗೆಯಲ್ಲಿ ಟ್ಯಾಂಕ್ 80 ಡಿಗ್ರಿ ಮುಟ್ಟಿದಾಗ ವಿಜಿ 46 ಸುಮಾರು 11 ಸೆಂಟಿಸ್ಟೋಕಿಗೆ ಇಳಿಯುತ್ತದೆ, ವಿಜಿ 32 ಎಂಟೂವರೆ ಒಂಬತ್ತಕ್ಕೆ. ಹತ್ತರ ಆಸುಪಾಸಿನ ಕೆಳಗೆ ಹೆಚ್ಚಿನ ಪಂಪುಗಳಿಗೆ ಒಳಸೋರಿಕೆ ಜಾಸ್ತಿ, ಆಯಿಲ್ ಪದರ ತೆಳು. ಏರಿನಲ್ಲಿ ಗಾಡಿ ಸೊರಗುತ್ತದೆ. ಬೇಸಿಗೆಯ ಬಿಸಿಲಲ್ಲಿ ದಿನವಿಡೀ ದುಡಿಯುವ ಗಾಡಿಗೆ ಚಳಿಗಾಲಕ್ಕೊಂದು, ಬೇಸಿಗೆಗೊಂದು ಆಯಿಲ್ ಇಟ್ಟುಕೊಳ್ಳುವುದೇ ಸರಿ. 40 ಲೀಟರಿನ ಟ್ಯಾಂಕಿರುವ ಗಾಡಿಗೆ ಇದು ಸುಮ್ನೆ ಹೇಳಿದಷ್ಟು ಸುಲಭವಲ್ಲ, ಒಪ್ಪುತ್ತೇನೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಗೇರ್‌ಬಾಕ್ಸ್, ಆಯಿಲಿನಲ್ಲಿ ಮುಳುಗಿದ ಬ್ರೇಕ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್ ಇರುವ ಟ್ರ್ಯಾಕ್ಟರಿಗೆ ಎಚ್‌ವಿಎಲ್‌ಪಿ ಹಾಕಬಾರದು. ಅದರಲ್ಲಿ ಬ್ರೇಕ್ ಮತ್ತು ಕ್ಲಚ್ ತಟ್ಟೆಗಳಿಗೆ ಬೇಕಾದ ಸೇರ್ಪಡೆ ಇರುವುದಿಲ್ಲ. ಅಂಥವಕ್ಕೆ ಯುಟಿಟಿಒ ಜಾತಿಯ ಟ್ರ್ಯಾಕ್ಟರ್ ಆಯಿಲೇ ಬೇಕು. ಅದರಲ್ಲೇ ಚಳಿಗೆ ತೆಳುವಾದದ್ದು ಸಿಗುತ್ತದೆ. ಜಾನ್ ಡಿಯರ್ ಹೈ-ಗಾರ್ಡ್ ಆಯಿಲಿಗೆ ಕಮ್ಮಿ ದಪ್ಪದ ತಮ್ಮನೊಬ್ಬ ಇದ್ದಾನೆ. ಕುಬೋಟಾದ ಸೂಪರ್ ಯುಡಿಟಿ-2 ಕೂಡ ಚಳಿಯಲ್ಲಿ ಹರಿಯುವುದನ್ನು ಗಮನದಲ್ಲಿಟ್ಟು ಮಾಡಿದ್ದು. ಪೂರ್ತಿ ಹೈಡ್ರಾಲಿಕ್ ಗಾಡಿಗಳಲ್ಲಿ ಕೆಲವಕ್ಕೆ ಎಂಜಿನ್ ಆಯಿಲನ್ನೇ ಟ್ಯಾಂಕಿಗೂ ಹಾಕಲು ಹೇಳಿರುತ್ತಾರೆ. ಅಲ್ಲಿ 20ಡಬ್ಲ್ಯೂ-50 ತುಂಬಿಸಿಕೊಂಡು ಚಳಿಗೆ ಶಾಪ ಹಾಕುವುದರಲ್ಲಿ ಅರ್ಥವಿಲ್ಲ. ಕೈಪಿಡಿ ಒಪ್ಪಿದರೆ ಡಬ್ಲ್ಯೂಗಿಂತ ಮೊದಲಿನ ಅಂಕಿ ಇಳಿಸಿ.

ಹೀಟರ್: ಎಲ್ಲಿ ಬಿಸಿ ಮಾಡುತ್ತೀರಿ ಅನ್ನುವುದೇ ಮುಖ್ಯ

ಕರೆಂಟು ಹತ್ತಿರ ಇದ್ದವರಿಗೆ ಹೀಟರ್ ವರದಾನ. ಆದರೆ ಹೀಟರ್ ಅಂದರೆ ಒಂದೇ ಅಲ್ಲ.

ಬ್ಲಾಕ್ ಹೀಟರ್ ಕೂಲಂಟನ್ನು ಬಿಸಿ ಮಾಡುತ್ತದೆ. ಪುಟ್ಟ ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ 400ರಿಂದ 500 ವ್ಯಾಟ್. ಸಿಲಿಂಡರ್ ಗೋಡೆ ಬೆಚ್ಚಗಾದರೆ ಎರಡು ಲಾಭ. ಎಂಜಿನ್ ಸುಲಭವಾಗಿ ತಿರುಗುತ್ತದೆ, ಒತ್ತಿದ ಗಾಳಿಯ ಬಿಸಿ ಗೋಡೆಗೆ ಸೋರುವುದಿಲ್ಲ. ಡೀಸೆಲ್ ಹತ್ತಿಕೊಳ್ಳುವುದು ಆ ಗಾಳಿಯ ಬಿಸಿಗೇ ಅಲ್ವಾ? ನಿಧಾನ ತಿರುಗುವ ತಣ್ಣಗಿನ ಎಂಜಿನ್ನಿನಲ್ಲಿ ಬಿಸಿ ಗೋಡೆಗೂ ಹೋಗುತ್ತದೆ, ಗಾಳಿಯೂ ಪಿಸ್ಟನ್ ರಿಂಗಿನ ಸಂದಿಯಲ್ಲಿ ಜಾರುತ್ತದೆ. ಹಾಗಾಗಿ ಡೀಸೆಲ್ಲಿಗೆ ಒಂದೇ ಹೀಟರ್ ಕೊಳ್ಳುವುದಾದರೆ ಬ್ಲಾಕ್ ಹೀಟರ್ ಕೊಳ್ಳಿ. ಕೂಲಂಟ್ ತುಂಬದೆ ಹೀಟರಿಗೆ ಕರೆಂಟ್ ಕೊಡಬೇಡಿ, ಕ್ಷಣದಲ್ಲಿ ಸುಡುತ್ತದೆ.

ರಾತ್ರಿಯಿಡೀ ಹಾಕಿಡಬೇಕೇ? ಬೇಡ. ನೂರು ಕಿಲೋ ಕಬ್ಬಿಣ, ಐದು ಲೀಟರ್ ಕೂಲಂಟನ್ನು 30 ಡಿಗ್ರಿ ಏರಿಸಲು ಅರ್ಧ ಯೂನಿಟ್ ಕರೆಂಟ್ ಸಾಕು ಅಂತ ಲೆಕ್ಕ ಹೇಳುತ್ತದೆ. ಹೊರಗೆ ಸೋರುವ ಬಿಸಿ ಸೇರಿಸಿಕೊಂಡರೂ ಎರಡು ಮೂರು ಗಂಟೆಯ ಕೆಲಸ. ಟೈಮರ್ ಹಾಕಿ ಮಲಗಿ.

ಗಾಳಿಯಿಂದ ತಣ್ಣಗಾಗುವ ಪೆಟ್ರೋಲ್ ಎಂಜಿನ್ನಿಗೆ ಕೂಲಂಟೇ ಇಲ್ಲ. ಅದಕ್ಕೆ ಆಯಿಲ್ ಚೇಂಬರಿನ ಕೆಳಗೆ ಅಂಟಿಸುವ ಪ್ಯಾಡ್ ಹೀಟರೇ ಗತಿ. ಅಯಸ್ಕಾಂತದ ಹೀಟರ್ ಅಗ್ಗ ಅಂತ ತಂದು ನೋಡಿದರೆ ಚೇಂಬರ್ ಅಲ್ಯೂಮಿನಿಯಮ್ಮಿನದು, ಅಂಟುವುದೇ ಇಲ್ಲ. ಮೊದಲೇ ನೋಡಿಕೊಳ್ಳಿ. ಸಣ್ಣ ಜಾಗದಲ್ಲಿ ಜೋರು ಬಿಸಿ ಕೊಡುವುದಕ್ಕಿಂತ ಅಗಲ ಜಾಗದಲ್ಲಿ ಹದವಾಗಿ ಬಿಸಿ ಕೊಡುವ ಪ್ಯಾಡ್ ಒಳ್ಳೆಯದು. ಜೋರು ಬಿಸಿಗೆ ಒಳಗಿನ ಆಯಿಲ್ ಕರಿಕಟ್ಟುತ್ತದೆ. ಅಂದಹಾಗೆ, ಪೆಟ್ರೋಲ್ ಎಂಜಿನ್ನಿಗೆ ಡೀಸೆಲ್ಲಿನಷ್ಟು ಒತ್ತುವಿಕೆ ಇಲ್ಲ, ತಿರುಗಿಸುವುದು ಹಗುರ. ಅದಕ್ಕೇ ಅಂಥ ಗಾಡಿಯಲ್ಲಿ ಒಟ್ಟು ಹೊರೆಯಲ್ಲಿ ಪಂಪುಗಳ ಪಾಲು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಈಗ ಹೈಡ್ರಾಲಿಕ್ ಟ್ಯಾಂಕಿನ ಹೀಟರ್. ಇಲ್ಲೇ ಜಾಸ್ತಿ ಜನ ಎಡವುವುದು. ಟ್ಯಾಂಕಿನ ಆಯಿಲ್ ಬೆಚ್ಚಗಿದ್ದರೂ ಪಂಪಿನ ಹೊಟ್ಟೆಯಲ್ಲಿರುವ, ಹೋಸಿನಲ್ಲಿರುವ ಆಯಿಲ್ ತಣ್ಣಗೇ ಇರುತ್ತದೆ. ಸೆಲ್ಫಿಗೆ ಮೊದಲ ಸುತ್ತುಗಳಲ್ಲಿ ಎದುರಾಗುವುದು ಆ ತಣ್ಣಗಿನ ಆಯಿಲೇ. ಬೇರೆ ಟ್ಯಾಂಕ್, ಉದ್ದದ ಹೋಸ್ ಇರುವ ಪೂರ್ತಿ ಹೈಡ್ರಾಲಿಕ್ ಗಾಡಿಯಲ್ಲಿ ಟ್ಯಾಂಕ್ ಹೀಟರಿನಿಂದ ಸ್ಟಾರ್ಟ್ ಹೊತ್ತಿನ ಹೊರೆ ಅಷ್ಟೇನೂ ಇಳಿಯುವುದಿಲ್ಲ. ಅದರ ಲಾಭ ಸ್ಟಾರ್ಟ್ ಆದ ಮೇಲೆ: ಪಂಪಿಗೆ ಬೆಚ್ಚಗಿನ ಆಯಿಲ್ ಬೇಗ ಸಿಗುತ್ತದೆ. ಅಂಥ ಗಾಡಿಗೆ ಪಂಪಿನ ಮೈಗೇ ಒಂದು ಸಣ್ಣ ಪ್ಯಾಡ್ ಅಂಟಿಸಿ, ಮೇಲೆ ದಪ್ಪ ಹೊದಿಕೆ ಹಾಕುವುದು ಲೇಸು. ಎಂಜಿನ್ನಿಗೆ ಒತ್ತಿ ಕೂತಿರುವ ಪಂಪಾದರೆ ಬ್ಲಾಕ್ ಹೀಟರಿನ ಬಿಸಿಯೂ ಸ್ವಲ್ಪ ಹರಿದು ಬರುತ್ತದೆ.

ಹೈಡ್ರೋಸ್ಟಾಟಿಕ್ ಟ್ರ್ಯಾಕ್ಟರಿನಲ್ಲಿ ಮಾತ್ರ ಲೆಕ್ಕ ಬೇರೆ. ಅದರಲ್ಲಿ ಗೇರ್‌ಬಾಕ್ಸಿನ ಹೊಟ್ಟೆಯೇ ಆಯಿಲ್ ಟ್ಯಾಂಕ್, ಓಟದ ಪಂಪ್ ಅದಕ್ಕೆ ತಾಗಿಯೇ ಇರುತ್ತದೆ. ಅಲ್ಲಿ ಕೆಳಗೆ ಪ್ಯಾಡ್ ಅಂಟಿಸಿದರೆ ಪಂಪಿಗೂ ಬಿಸಿ ಮುಟ್ಟುತ್ತದೆ. 40 ಲೀಟರ್ ಆಯಿಲನ್ನು 20 ಡಿಗ್ರಿ ಏರಿಸಲು ಆಯಿಲಿಗಷ್ಟೇ ಸುಮಾರು 0.4 ಯೂನಿಟ್ ಬೇಕು. 250 ವ್ಯಾಟ್ ಪ್ಯಾಡಿಗೆ ಇದು ಒಂದೂವರೆ ಗಂಟೆಯ ಕೆಲಸ ಅನಿಸಬಹುದು. ಆದರೆ ಸುತ್ತಲಿನ ಕಬ್ಬಿಣವೂ ಬಿಸಿ ಕುಡಿಯುತ್ತದೆ, ಗಾಳಿಯೂ ಕುಡಿಯುತ್ತದೆ. ನಾಲ್ಕೈದು ಗಂಟೆ ಇಟ್ಟುಕೊಳ್ಳಿ.

ಕರೆಂಟ್ ಇಲ್ಲದ ಕಡೆ ಡೀಸೆಲ್ ಸುಟ್ಟು ಕೂಲಂಟ್ ಬಿಸಿ ಮಾಡುವ ಹೀಟರ್ ಇದೆ. ವೆಬಾಸ್ಟೊ, ಎಬರ್‌ಸ್ಪ್ಯಾಕರ್ ಕಂಪನಿಗಳವು ಹೆಸರುವಾಸಿ. ಎಂಜಿನ್ನಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ದುಬಾರಿ, ಬ್ಯಾಟರಿಯಿಂದಲೂ ಸ್ವಲ್ಪ ಕುಡಿಯುತ್ತವೆ. ಪಂಪುಗಳಿಗೆ ನೇರ ಲಾಭ ಇಲ್ಲ.

ಶೆಡ್ಡಿನೊಳಗೆ ನಿಲ್ಲಿಸುವುದೂ ಹೀಟರಿನ ಲೆಕ್ಕಕ್ಕೇ ಸೇರುತ್ತದೆ. ಗಾಳಿ ಬೀಸಿದರೆ ಲೋಹ ಬೇಗ ತಣ್ಣಗಾಗುತ್ತದೆ, ಆದರೆ ಹವೆಗಿಂತ ಕೆಳಗೆ ಹೋಗುವುದಿಲ್ಲ. ಸಂಜೆ ದುಡಿದ ಗಾಡಿ ಮುಚ್ಚಿದ ಜಾಗದಲ್ಲಿ ಎಷ್ಟೋ ಹೊತ್ತು ಬಿಸಿ ಹಿಡಿದಿರುತ್ತದೆ.

ಬ್ಯಾಟರಿ: ಕೊನೆಗೆ, ಆದರೆ ಅಸಡ್ಡೆ ಬೇಡ

ಸೀಸದ ಬ್ಯಾಟರಿ 27 ಡಿಗ್ರಿಯಲ್ಲಿ ಕೊಡುವ ಬಲದಲ್ಲಿ ಮೈನಸ್ 18ರಲ್ಲಿ ನೂರಕ್ಕೆ ಸುಮಾರು 40 ಪಾಲು ಮಾತ್ರ ಉಳಿಯುತ್ತದೆ. ಬೇಡಿಕೆ ಏರಿದ ಹೊತ್ತಿಗೇ ಪೂರೈಕೆ ಇಳಿಯುತ್ತದೆ. ಹಾಗಾಗಿ ಕೊಳ್ಳುವಾಗ ಆಂಪ್-ಅವರ್ ನೋಡಬೇಡಿ, ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್) ಅಂಕಿ ನೋಡಿ. ಎಸ್‌ಎಇ ಲೆಕ್ಕದ ಸಿಸಿಎ ಅಂದರೆ, ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡು ಕಾಲ, 7.2 ವೋಲ್ಟಿಗಿಂತ ಕೆಳಗೆ ಬೀಳದೆ ಕೊಡಬಲ್ಲ ಆಂಪ್. ಯುರೋಪಿನ ಇಎನ್ ಲೆಕ್ಕದ ಪರೀಕ್ಷೆ ಬೇರೆ ತರಹದ್ದು. ಒಂದೇ ಮಾನದಂಡದ ಅಂಕಿಗಳನ್ನು ಮಾತ್ರ ಹೋಲಿಸಿ.

ಟ್ರೇಯಲ್ಲಿ ಹಿಡಿಸುವಷ್ಟು ದೊಡ್ಡ ಸಿಸಿಎ ಹಾಕಿದರೆ ನಷ್ಟವಿಲ್ಲ. ಆದರೆ ಅದು ಮಾಡುವುದು ಇಷ್ಟೇ: ಸೆಲ್ಫ್ ಎಳೆಯುವಾಗ ವೋಲ್ಟ್ ಕಮ್ಮಿ ಬೀಳುವ ಹಾಗೆ ನೋಡಿಕೊಳ್ಳುವುದು. ಹೊರೆ ಹಾಗೇ ಇರುತ್ತದೆ. ಲಿವರ್ ಲಾಕಿನಲ್ಲಿದ್ದ ಪಂಪಿನ ವಿರುದ್ಧ ದೊಡ್ಡ ಬ್ಯಾಟರಿ ಹಾಕಿದರೆ ಸೆಲ್ಫ್ ಬೇಗ ಸುಡುತ್ತದೆ.

ಆಸಿಡನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಡುವ ಎಜಿಎಂ ಬ್ಯಾಟರಿಗೆ ಒಳತಡೆ ಕಮ್ಮಿ, ಅದುರುವಿಕೆ ತಡೆಯುತ್ತದೆ, ಬೆಲೆ ಜಾಸ್ತಿ. ಗಾಡಿ ವಾರಗಟ್ಟಲೆ ನಿಲ್ಲುತ್ತದೆ ಅಂದರೆ ಯೋಚಿಸಬಹುದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಚಳಿ ಪ್ರದೇಶದ ಟ್ರ್ಯಾಕ್ಟರಿಗೆ ನಾನಂತೂ ಹೇಳುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, ಸೆಲ್ಲಿನೊಳಗೆ ಲೋಹದ ಲಿಥಿಯಂ ಕಟ್ಟಿಕೊಂಡು ಹಾಳಾಗುತ್ತದೆ. ಸ್ಟಾರ್ಟ್ ಆದ ಮರುಕ್ಷಣ ಆಲ್ಟರ್ನೇಟರ್ ಮಾಡುವುದೇ ಚಾರ್ಜ್ ಅಲ್ವಾ? ಒಳಗೇ ಹೀಟರ್ ಇರುವ ಲಿಥಿಯಂ ಬ್ಯಾಟರಿಗಳಿವೆ, ಅವುಗಳ ಮಾತು ಬೇರೆ.

ನಿಜವಾದ ಉಳಿತಾಯ ಇರುವುದು ಇದ್ದ ಬ್ಯಾಟರಿಯನ್ನು ತುಂಬಿಸಿಡುವುದರಲ್ಲಿ. ಪೂರ್ತಿ ಖಾಲಿಯಾದ ಸೀಸದ ಬ್ಯಾಟರಿ ಮೈನಸ್ 10 ಡಿಗ್ರಿ ಮುಟ್ಟುವಷ್ಟರಲ್ಲೇ ಹೆಪ್ಪುಗಟ್ಟಿ ಒಡೆಯಬಹುದು. ತುಂಬಿದ್ದು ಮೈನಸ್ 50ಕ್ಕೂ ಹೆಪ್ಪುಗಟ್ಟುವುದಿಲ್ಲ. ಒಂದೆರಡು ಆಂಪಿನ ಮೇಂಟೇನರ್ ಚಾರ್ಜರ್ ಹಾಕಿಡಿ. ಅದೂ ಆಗದಿದ್ದರೆ ರಾತ್ರಿ ಬ್ಯಾಟರಿ ಬಿಚ್ಚಿ ಬೆಚ್ಚಗಿನ ಜಾಗದಲ್ಲಿಡಿ. ಹೆಪ್ಪುಗಟ್ಟಿದೆ ಅಂತ ಅನುಮಾನ ಬಂದ ಬ್ಯಾಟರಿಗೆ ಜಂಪರ್ ಹಾಕಲೇಬೇಡಿ, ಸಿಡಿಯಬಹುದು.

ಹೀಟರ್ ಪ್ಲಗ್, ಡೀಸೆಲ್, ಈಥರ್ ಬಗ್ಗೆ ಎರಡೇ ಮಾತು. ಪ್ಲಗ್ ಒಂದೊಂದನ್ನೂ ಓಮ್ ಮೀಟರಿನಲ್ಲಿ ನೋಡಿ. ಸಾಮಾನ್ಯವಾಗಿ ಒಂದು ಓಮಿನ ಆಸುಪಾಸು ತೋರಿಸುತ್ತದೆ, ಏನೂ ತೋರಿಸದಿದ್ದರೆ ಸುಟ್ಟಿದೆ. ಚಳಿಗಾಲದ ಡೀಸೆಲ್ ತುಂಬಿಸಿ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯಬೇಡಿ. ಕೆಂಪಗೆ ಕಾದ ಪ್ಲಗ್ಗಿಗೆ ತಾಗಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಪಿಸ್ಟನ್ನೇ ಮುರಿಯಬಹುದು.

ಹಾಗಾದರೆ ಯಾರಿಗೆ ಯಾವುದು

ಸೊನ್ನೆಯಿಂದ ಮೈನಸ್ 10ರವರೆಗಿನ ಚಳಿ, ಕ್ಲಚ್ ಇರುವ ಟ್ರ್ಯಾಕ್ಟರ್: ತೆಳು ಎಂಜಿನ್ ಆಯಿಲ್, ಶುದ್ಧ ಕೇಬಲ್, ತುಂಬಿದ ಬ್ಯಾಟರಿ. ಹೀಟರಿಗೆ ಖರ್ಚು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಅದೇ ಚಳಿ, ಕ್ಲಚ್ ಇಲ್ಲದ ಪೂರ್ತಿ ಹೈಡ್ರಾಲಿಕ್ ಗಾಡಿ: ಹೈಡ್ರಾಲಿಕ್ ಆಯಿಲನ್ನೇ ಮೊದಲು ಬದಲಿಸಿ. ಉಳಿದದ್ದು ಆಮೇಲೆ.

ಮೈನಸ್ 15ಕ್ಕಿಂತ ಕೆಳಗೆ, ಕರೆಂಟ್ ಇದೆ: ಬ್ಲಾಕ್ ಹೀಟರ್ ಬೇಕೇ ಬೇಕು. ಹೈಡ್ರೋಸ್ಟಾಟಿಕ್ ಆದರೆ ಗೇರ್‌ಬಾಕ್ಸಿಗೆ ಪ್ಯಾಡ್, ಪೂರ್ತಿ ಹೈಡ್ರಾಲಿಕ್ ಆದರೆ ಪಂಪಿಗೂ ಟ್ಯಾಂಕಿಗೂ ಪ್ಯಾಡ್. ತೆಳು ಆಯಿಲ್ ಇದ್ದರೂ ಇದು ಬೇಕು, ಒಂದರ ಬದಲಿಗೆ ಒಂದಲ್ಲ. ಅಷ್ಟೇ ಚಳಿ, ಕರೆಂಟ್ ಇಲ್ಲ ಅಂದರೆ ಸಿಂಥೆಟಿಕ್ ಆಯಿಲ್ ಎರಡೂ ಕಡೆ, ಬ್ಯಾಟರಿ ರಾತ್ರಿ ಒಳಗೆ, ಕೈಗೆಟುಕಿದರೆ ಡೀಸೆಲ್ ಹೀಟರ್. ದೊಡ್ಡ ಸಿಸಿಎಗೆ ಖರ್ಚು ಮಾಡುವುದು ನ್ಯಾಯ ಅನಿಸುವುದು ಈ ಒಂದು ಸಂದರ್ಭದಲ್ಲಿ.

ಹೊಸ ಗಾಡಿ ಕೊಳ್ಳುವವರು, ಚಳಿ ಜಾಗದವರಾದರೆ, ಒಂದು ಪ್ರಶ್ನೆ ಕೇಳಿ: ಎಂಜಿನ್ನಿಗೂ ಪಂಪಿಗೂ ನಡುವೆ ಕ್ಲಚ್ ಇದೆಯೇ? ಪೂರ್ತಿ ಹೈಡ್ರಾಲಿಕ್ ಗಾಡಿಗಳ ಚುರುಕು, ತಿರುಗುವ ಸುಲಭ ಬೇರೆ ಯಾವುದಕ್ಕೂ ಇಲ್ಲ. ಕ್ಲಚ್ ಇಲ್ಲ ಅಂತ ಅವನ್ನು ಬಿಡಬೇಕಿಲ್ಲ. ಹೀಟರಿಗೆ ಜಾಗ ಇದೆಯೇ, ಕೈಪಿಡಿ ಯಾವ ತೆಳು ಆಯಿಲ್ ಒಪ್ಪುತ್ತದೆ ಅಂತ ಕೊಳ್ಳುವ ಮೊದಲೇ ನೋಡಿದರೆ ಸಾಕು.

ಎದ್ದ ಮೇಲೆ

ಎಂಜಿನ್ ಹತ್ತಿಕೊಂಡಿತು ಅಂತ ಕೂಡಲೇ ಆಕ್ಸಿಲರೇಟರ್ ಏರಿಸಬೇಡಿ. ದಪ್ಪ ಆಯಿಲ್ ಫಿಲ್ಟರ್ ಜಾಲಿಯ ಮೂಲಕ ಪಂಪಿಗೆ ಬರಲು ತಡವಾಗುತ್ತದೆ. ಪಂಪ್ ವೇಗವಾಗಿ ಎಳೆದರೆ ಬಾಯಲ್ಲಿ ಆಯಿಲಿನ ಬದಲು ನಿರ್ವಾತದ ಗುಳ್ಳೆ ಹುಟ್ಟುತ್ತವೆ. ಅವು ಒತ್ತಡದ ಕಡೆ ಹೋಗಿ ಒಡೆದಾಗ ಲೋಹವನ್ನೇ ಕಚ್ಚುತ್ತವೆ. ಕೀರಲು ಸದ್ದು ಕೇಳಿಸಿದರೆ ಅದೇ. ಕಮ್ಮಿ ವೇಗದಲ್ಲಿ ಐದರಿಂದ ಹತ್ತು ನಿಮಿಷ ಬಿಡಿ, ಕಡು ಚಳಿಯಾದರೆ ಇನ್ನೂ ಸ್ವಲ್ಪ. ಆಮೇಲೆ ಲೋಡರನ್ನು ಖಾಲಿಯಾಗಿ ನಿಧಾನಕ್ಕೆ ಎರಡು ಮೂರು ಸಲ ಏರಿಸಿ ಇಳಿಸಿ, ಸಿಲಿಂಡರಿನಲ್ಲಿದ್ದ ತಣ್ಣಗಿನ ಆಯಿಲ್ ಟ್ಯಾಂಕಿಗೆ ವಾಪಸ್ ಬರಲಿ. ಮೊದಲ ಸಲಕ್ಕೆ ಎದ್ದೇಳದಿದ್ದರೂ ಅವಸರ ಬೇಡ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಆ ಒಂದು ನಿಮಿಷದಲ್ಲಿ ಲಿವರುಗಳನ್ನು ಇನ್ನೊಮ್ಮೆ ನೋಡಿ.